ಗೇಟು ಮಾಡದವರ ಓಣಿ

ಮೆಟ್ರೊ ಇಳಿದು ಪೀಣ್ಯದ ಒಳರಸ್ತೆಗೆ ಕಾಲಿಟ್ಟೊಡನೆ ಆ ವಾಸನೆ ಬಂತು. ಲೋಹ ಕಡೆಯುವ ಲೇತ್ ಮಿಷಿನ್ನಿನಲ್ಲಿ ಕಾದ ಕಬ್ಬಿಣ ತಣಿಯಲೆಂದು ಸುರಿಯುವ ಹಾಲುಬಣ್ಣದ ಕೂಲೆಂಟ್ ವಾಸನೆ, ಅದಕ್ಕೆ ಮಳೆಯಲ್ಲಿ ನೆನೆದ ಗೋಣಿಚೀಲದ ಮುಗ್ಗಲು ಸೇರಿಕೊಂಡಿತ್ತು. ಬೇರೆಯವರಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದರೋ ಏನೋ, ನಾನು ನಡುರಸ್ತೆಯಲ್ಲೇ ನಿಂತು ಎದೆ ತುಂಬ ಎಳೆದುಕೊಂಡೆ. ಹಿಂದಿನಿಂದ ಬಂದ ಟೆಂಪೊದವನು ಹಾರನ್ ಹೊಡೆದು, "ಅಕ್ಕಾ, ಸೈಡಿಗ್ ನಿಂತ್ಕೊಂಡು ಯೋಚ್ನೆ ಮಾಡಿ!" ಎಂದು ಕೂಗಿಕೊಂಡು ಹೋದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬದಿಗೆ ಸರಿದೆ.

ನಾನು ಸರ್ಕಾರಿ ನೌಕರಳು. ಸಣ್ಣಪುಟ್ಟ ಕೈಗಾರಿಕೆಗಳಿಗೆ ಸರ್ಕಾರದ ನೆರವು ತಲುಪಿಸುವುದು ನಮ್ಮ ಕಚೇರಿಯ ಕೆಲಸ. ಈಗ ಇರುವುದು ಹರಿಹರದಲ್ಲಿ. ಅಲ್ಲಿಯ ಲೇತ್ ಅಂಗಡಿಯವರು, "ನಮ್ಮೂರಿಗೂ ಪೀಣ್ಯದಾಗೆ ಇರೋ ಅಂಥದ್ದೊಂದು ಅಳತೆ ಕೋಣೆ ಮಾಡಿಸಿಕೊಡ್ರಿ ಮೇಡಂ" ಎಂದು ನನ್ನ ಬೆನ್ನು ಹತ್ತಿದ್ದಾರೆ. ಆ ಕೋಣೆ ಹೇಗೆ ನಡೆಯುತ್ತಿದೆ ಎಂದು ನೋಡಿಕೊಂಡು ಹೋಗಲು ಬಂದಿದ್ದೆ. ಇದು ಕಚೇರಿಗೆ ಬರೆದುಕೊಟ್ಟ ಕಾರಣ. ನಿಜ ಹೇಳಬೇಕೆಂದರೆ, ಏಳು ವರ್ಷದ ಹಿಂದೆ ಅದರ ಕಡತ ಕಟ್ಟಿದವಳೂ ನಾನೇ, ಕೆಡಿಸಿದವಳೂ ನಾನೇ. ಅದರ ಬಾಗಿಲು ತೆರೆದ ಮೇಲೆ ಒಂದು ಸಲವೂ ಈ ಕಡೆ ತಲೆಹಾಕುವ ಧೈರ್ಯ ನನಗಾಗಿರಲಿಲ್ಲ.

ಓಣಿಯ ಕೊನೆಯಲ್ಲಿ ಬಿಳಿ ಬಣ್ಣದ ಚಿಕ್ಕ ಕಟ್ಟಡ. ಮುಂದೆ ಸೊಂಟದೆತ್ತರದ ಕಬ್ಬಿಣದ ಗೇಟು. ತಳ್ಳಲು ಕೈಯೆತ್ತಿದೆ, ಬೆರಳು ತಾಗಿತೋ ಇಲ್ಲವೋ, ತೆರೆದೇಬಿಟ್ಟಿತು. ಕಿರ್ ಎನ್ನಲಿಲ್ಲ, ಕುಯ್ ಎನ್ನಲಿಲ್ಲ. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. 'ಅಳತೆ ನಡೆಯುತ್ತಿದೆ, ದೀಪ ಆರುವವರೆಗೆ ಬಾಗಿಲು ತೆರೆಯಬೇಡಿ' ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತೆ. ಕೂತವಳಿಗೆ ಆ ವರ್ಷವೆಲ್ಲ ನೆನಪಾಯಿತು.

ದಾವಣಗೆರೆಯಿಂದ ವರ್ಗವಾಗಿ ಜೂನ್ ತಿಂಗಳಲ್ಲಿ ಬಂದಿದ್ದೆ. ಆ ಸಲ ಮಳೆ ನನ್ನ ಜೊತೆಗೇ ಬಂದು ಇಳಿದಂತಿತ್ತು. ಪೀಣ್ಯದ ರಸ್ತೆಯ ಗುಂಡಿಗಳೆಲ್ಲ ತುಂಬಿ, ನೀರಿನ ಮೇಲೆ ಎಣ್ಣೆ ಬಣ್ಣಬಣ್ಣವಾಗಿ ತೇಲುತ್ತಿತ್ತು. ನನಗೆ ಕಬ್ಬಿಣದ ಗಂಧಗಾಳಿಯೂ ಗೊತ್ತಿರಲಿಲ್ಲ. ಓದಿದ್ದು ವಾಣಿಜ್ಯ, ಹಿಂದಿನ ಕೆಲಸ ಮಂಡಕ್ಕಿ ಭಟ್ಟಿಗಳ ನಡುವೆ. ಆದರೂ ಕುತ್ತಿಗೆಯಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು, ಕೈಯಲ್ಲೊಂದು ಕೊಡೆ ಹಿಡಿದು, ಲೋಕೋದ್ಧಾರಕ್ಕೆ ಹೊರಟವಳ ಹಾಗೆ ಆ ಓಣಿಗೆ ನುಗ್ಗಿದ್ದೆ.

ಓಣಿಯಲ್ಲಿ ಎರಡೂ ಬದಿಗೆ ಸೇರಿ ಇಪ್ಪತ್ತು ಶೆಡ್ಡು. ಮೊದಲನೆಯದೇ ಕೆಂಪರಾಜು ಅವರದು. ಮಾಗಡಿ ಕಡೆಯ ಹಳ್ಳಿಯವರು. ಹದಿನಾರು ವರ್ಷ ಯಾವುದೋ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಮೂರು ಲೇತ್ ಹಾಕಿಕೊಂಡು ಸ್ವಂತಕ್ಕೆ ಕೂತವರು. ಹೆಂಡತಿ ಜಯಮ್ಮನೂ ಅಲ್ಲೇ, ತಯಾರಾದ ಮಾಲಿನ ಅಂಚಿನ ಚೂರುಗಳನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡುವುದು ಅವರ ಕೆಲಸ. ಕೆಂಪರಾಜು ಮಾತು ಕಡಿಮೆ. ಜಯಮ್ಮ ಅದನ್ನು ಸರಿದೂಗಿಸುತ್ತಿದ್ದರು.

ಮೊದಲ ದಿನ ಕೆಂಪರಾಜು ಶಟರನ್ನು ಅರ್ಧ ಇಳಿಸಿ, ಮೂಲೆಯಲ್ಲಿದ್ದ ಗೋಣಿಚೀಲ ಸರಿಸಿ, ಎರಡು ಶಾಫ್ಟ್ ತೆಗೆದು ನನ್ನ ಕೈಗಿಟ್ಟರು. ನೀರೆತ್ತುವ ಪಂಪಿನೊಳಗೆ ತಿರುಗುವ, ಗೇಣುದ್ದದ ಉಕ್ಕಿನ ಕಡ್ಡಿಗಳು.

"ಇದ್ರಲ್ಲಿ ಯಾವ್ದು ದಪ್ಪ ಹೇಳಿ ಮೇಡಂ."

ತಿರುಗಿಸಿ ಮುರುಗಿಸಿ ನೋಡಿದೆ. "ಎರಡೂ ಒಂದೇ ಅಲ್ವೇನ್ರೀ?"

ಅವರು ಹೆಬ್ಬೆರಳಿನ ಉಗುರನ್ನು ಒಂದರ ಮೇಲೆ ಮೆಲ್ಲಗೆ ಎಳೆದರು. "ಇದು. ತಲೆಕೂದ್ಲಲ್ಲಿ ಐದನೇ ಒಂದು ಭಾಗ ದಪ್ಪ ಅದೆ. ಇದು ನಡೆಯಲ್ಲ, ಪಂಪಲ್ಲಿ ಕಚ್ಕತದೆ."

"ಉಗುರಲ್ಲೇ ಗೊತ್ತಾಗತ್ತಾ?"

"ನಂಗೆ ಗೊತ್ತಾಯ್ತದೆ. ಕಂಪ್ನಿಗೆ ನನ್ನ ಉಗುರು ಸಾಲಲ್ವಂತೆ ಮೇಡಂ, ಕಾಗ್ದ ಬೇಕಂತೆ."

ವಿಷಯ ಇಷ್ಟು. ಅವರು ಹನ್ನೊಂದು ವರ್ಷದಿಂದ ಪಂಪು ಮಾಡುವ ಒಂದು ದೊಡ್ಡ ಕಂಪನಿಗೆ ಈ ಶಾಫ್ಟನ್ನು ಮಾಡಿಕೊಡುತ್ತಿದ್ದರು. ಬೇರೆ ಕೆಲಸವಿಲ್ಲ, ಅದೊಂದೇ. ಈಗ ಕಂಪನಿಯವರು, ಮುಂದಿನ ಮಾರ್ಚ್ ತಿಂಗಳಿಂದ ಪ್ರತಿ ಸಲದ ಮಾಲಿನ ಜೊತೆಗೂ ಕಂಪ್ಯೂಟರ್ ಮಿಷಿನ್ನಿನಲ್ಲಿ ಅಳತೆ ತೆಗೆದ ವರದಿ ಬರಬೇಕು, ಇಲ್ಲದಿದ್ದರೆ ಕೆಲಸವಿಲ್ಲ ಎಂದುಬಿಟ್ಟಿದ್ದರು. ಆ ಮಿಷಿನ್ನನ್ನು ಮೂರು ಲೇತಿನ ಶೆಡ್ಡಿನವರು ಕನಸಿನಲ್ಲೂ ಕೊಳ್ಳಲಾರರು. ಖಾಸಗಿಯಾಗಿ ಅಳೆದುಕೊಡುವ ಕಡೆ ಹೋದರೆ ದೊಡ್ಡವರ ಮಾಲಿನ ಹಿಂದೆ ಇವರ ಸಣ್ಣ ಗಂಟು ವಾರಗಟ್ಟಲೆ ಕಾಯಬೇಕು.

ನನ್ನ ಹತ್ತಿರ ಇದಕ್ಕೆ ಹೇಳಿ ಮಾಡಿಸಿದಂಥ ಯೋಜನೆ ಇತ್ತು. ಒಂದೇ ಜಾಗದ ಇಪ್ಪತ್ತು ಸಣ್ಣ ಕೈಗಾರಿಕೆಯವರು ಕೂಡಿ ಸಂಘ ಮಾಡಿಕೊಂಡು ಅರ್ಜಿ ಹಾಕಿದರೆ, ಎಲ್ಲರೂ ಬಳಸುವಂಥ ಅಳತೆ ಕೋಣೆಯನ್ನು ಸರ್ಕಾರವೇ ಕಟ್ಟಿಸಿ, ಮಿಷಿನ್ ತಂದಿಟ್ಟು ಕೊಡುತ್ತದೆ. ಓಣಿಯಲ್ಲಿ ಸರಿಯಾಗಿ ಇಪ್ಪತ್ತು ಶೆಡ್ಡು. ದೇವರೇ ಎಣಿಸಿ ಇಟ್ಟಿದ್ದಾನೆ ಅಂದುಕೊಂಡೆ.

"ಮಾರ್ಚ್ ಒಳಗೆ ಆಯ್ತದಾ ಮೇಡಂ?" ಎಂದು ಕೇಳಿದರು ಕೆಂಪರಾಜು.

"ಜನವರಿಗೇ ಮಾಡಿಸಿಕೊಡ್ತೀನಿ, ನೋಡ್ತಿರಿ" ಎಂದೆ. ನನ್ನ ಬಾಯಿಗೆ ಬೆಂಕಿ ಬೀಳಲಿ.

ಅಷ್ಟರಲ್ಲಿ ಎದುರು ಶೆಡ್ಡಿನ ಸೆಲ್ವಂ ಶಟರಿನ ಕೆಳಗೆ ತಲೆ ಬಗ್ಗಿಸಿ ಒಳಗೆ ಬಂದರು. ಹೊಸೂರಿನ ಕಡೆಯವರು, ಇಪ್ಪತ್ತೈದು ವರ್ಷದಿಂದ ಇಲ್ಲೇ ಇದ್ದವರು, ಐದು ಮಿಷಿನ್ ಇಟ್ಟುಕೊಂಡಿದ್ದರು. "ಏನ್ ಗುರು, ಸ್ಪ್ಯಾನರ್ ಇದ್ಯಾ?" ಎಂದು ಅವರು ಕೇಳುವುದಕ್ಕೆ ಮೊದಲೇ ಜಯಮ್ಮ ಪಟ್ಟನೆ ಶಾಫ್ಟುಗಳ ಮೇಲೆ ಗೋಣಿಚೀಲ ಎಳೆದಾಗಿತ್ತು. ಸೆಲ್ವಂ ಅದನ್ನು ನೋಡಿದರು, ನೋಡದವರ ಹಾಗೆ ಸ್ಪ್ಯಾನರ್ ಇಸಿದುಕೊಂಡು ಹೋದರು. ಆಮೇಲೆ ಗಮನಿಸಿದೆ, ಓಣಿಯಲ್ಲಿ ಎಲ್ಲರದೂ ಇದೇ ರೂಢಿ. ಸ್ಪ್ಯಾನರ್ ಕೊಡುತ್ತಾರೆ, ಊಟದ ಡಬ್ಬಿ ಹಂಚಿಕೊಳ್ಳುತ್ತಾರೆ, ಒಬ್ಬರ ಮಗಳ ಮದುವೆಗೆ ಇನ್ನೊಬ್ಬರು ಚಪ್ಪರ ಕಟ್ಟುತ್ತಾರೆ. ಆದರೆ ಏನು ಮಾಡುತ್ತೀರಿ, ಯಾರಿಗೆ ಮಾಡುತ್ತೀರಿ ಎಂದು ಮಾತ್ರ ಕೇಳಬಾರದು. ಪಕ್ಕದವನ ಕಣ್ಣಿಗೆ ಮಾಲು ಬಿದ್ದರೆ ನಾಳೆ ಅವನು ಹೋಗಿ ಕಡಿಮೆಗೆ ಮಾಡಿಕೊಡುತ್ತೇನೆ ಅನ್ನುತ್ತಾನೆ ಎಂಬ ಭಯ. ಗಮನಿಸಿದೆ ಅಂತೇನೋ ಈಗ ಜಂಬದಿಂದ ಹೇಳುತ್ತಿದ್ದೇನೆ. ಆಗ ನೋಡಿ ನಕ್ಕು ಸುಮ್ಮನಾಗಿದ್ದೆ.

ಜುಲೈ ತಿಂಗಳ ಒಂದು ಬೆಳಿಗ್ಗೆ ಅರ್ಜಿ ಹಿಡಿದು ಹೋದೆ. ಆಕಾಶಕ್ಕೆ ತೂತು ಬಿದ್ದ ಹಾಗೆ ಮಳೆ. ಒಬ್ಬೊಬ್ಬರಿಗೆ ಒಂದೊಂದು ನಮೂನೆ ಕೊಟ್ಟು, ಒಬ್ಬೊಬ್ಬರ ಹತ್ತಿರವೂ ಕೂತು ತುಂಬಿಸಬೇಕಿತ್ತು. ಮಹಾ ಜಾಣೆ ನಾನು, ಅದನ್ನು ಸುಲಭ ಮಾಡಿದೆ. ಒಂದೇ ಉದ್ದನೆ ಹಾಳೆಗೆ ಇಪ್ಪತ್ತು ಸಾಲು ಗೀಟು ಹಾಕಿಕೊಂಡು ಹೋಗಿದ್ದೆ. ಹೆಸರು, ಶೆಡ್ಡಿನ ನಂಬರು, ತಯಾರಿಸುವ ಮಾಲು, ಸಹಿ. ಕೆಂಪರಾಜು ಕೈಗೆ ಕೊಟ್ಟು, "ನೀವು ಬರೆದು ಪಕ್ಕದವರಿಗೆ ದಾಟಿಸಿ, ಸಂಜೆ ಬಂದು ತಗೊಂಡು ಹೋಗ್ತೀನಿ" ಎಂದು ಹೇಳಿ ಕಚೇರಿಗೆ ಓಡಿದೆ.

ಸಂಜೆ ಹಾಳೆ ಸಿಕ್ಕಿತು. ಮೂಲೆಯಲ್ಲಿ ಎಣ್ಣೆಯ ಬೆರಳಚ್ಚು, ಕೆಳಗಿನ ತನಕ ಸಹಿ. ಸಹಿಗಳನ್ನು ಎಣಿಸಿದೆ, ಇಪ್ಪತ್ತೂ ಇದ್ದವು. 'ಇವರೆಲ್ಲರೂ ಅತಿ ಸೂಕ್ಷ್ಮ ಅಳತೆಯ ಬಿಡಿಭಾಗ ತಯಾರಿಸುವವರು' ಎಂದು ಮೇಲೊಂದು ಪತ್ರ ಬರೆದು, ಅಂಟಿಸಿ, ಅವತ್ತೇ ಕಳಿಸಿಬಿಟ್ಟೆ. ಹಾಳೆಯನ್ನು ಓದಲಿಲ್ಲ. ಒಂದು ಸಾಲು ಓದಿದ್ದರೂ ಸಾಕಿತ್ತು, ಮೊದಲನೇ ಸಾಲು ಓದಿದ್ದರೂ ಸಾಕಿತ್ತು. ಓದಲಿಲ್ಲ.

ಸೆಪ್ಟೆಂಬರ್ ನಡುವಿಗೆ ಕಡತ ವಾಪಸ್ ಬಂತು. ನಮ್ಮ ಸಾಹೇಬರು, ಅಂದರೆ ಕಚೇರಿಯ ಮುಖ್ಯಸ್ಥರು, ನನ್ನನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡು, ಕನ್ನಡಕ ಏರಿಸಿ, ಹಾಳೆಯನ್ನು ಗಟ್ಟಿಯಾಗಿ ಓದತೊಡಗಿದರು.

"ಒಂದು, ಕೆಂಪರಾಜು, ಗೇಟು. ಎರಡು, ಗೇಟು ಮತ್ತು ಗ್ರಿಲ್ಲು. ಮೂರು, ಕಿಟಕಿ ಗ್ರಿಲ್ಲು. ನಾಲ್ಕು, ಗೇಟು. ಐದು, ತುಳಸಿಕಟ್ಟೆ ಸುತ್ತ ಹಾಕುವ ಗ್ರಿಲ್ಲು. ಆರು, ಸೆಲ್ವಂ, ದೊಡ್ಡ ಗೇಟು..." ಹಾಳೆ ಕೆಳಗಿಟ್ಟು ನನ್ನನ್ನೇ ನೋಡಿದರು. "ಏನಮ್ಮಾ, ಗೇಟಿನ ಅಳತೆ ತೆಗೆಯೋದಕ್ಕೆ ಕೂದಲನ್ನ ಸೀಳಿ ಅಳೆಯೋ ಮಿಷಿನ್ ಬೇಕಾ? ಟೇಪು ಸಾಲಲ್ವಾ? ಮಂಜೂರು ಮಾಡೋ ಸಮಿತಿಯವರು ಮೀಟಿಂಗಲ್ಲಿ ಬಿದ್ದು ಬಿದ್ದು ನಕ್ಕಿದ್ದಾರೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಿಂತಿದ್ದಲ್ಲಿಂದಲೇ ಹೊರಟು, ಆಟೊ ಹಿಡಿದು ನೇರ ಓಣಿಗೆ ಹೋಗಿ, ಟೀ ಅಂಗಡಿಯ ಮುಂದೆ ನಿಂತು ಬಾಯಿಗೆ ಬಂದಂತೆ ಕಿರುಚಿದೆ. "ಎಲ್ಲಿ ತೋರಿಸ್ರೀ ನಿಮ್ಮ ಗೇಟು! ಒಬ್ಬರಾದರೂ ಜೀವಮಾನದಲ್ಲಿ ಒಂದು ಗೇಟು ಮಾಡಿದೀರೇನ್ರೀ? ಕೆಂಪರಾಜು, ನೀವು ಹೇಳ್ರೀ, ನನ್ನ ಕೈಗೆ ಶಾಫ್ಟ್ ಕೊಟ್ಟವರು ನೀವೇ ಅಲ್ವಾ?"

ಟೀ ಅಂಗಡಿಯವನು ಒಲೆ ಸಣ್ಣದು ಮಾಡಿದ. ಕೊನೆಗೆ ಕೆಂಪರಾಜು ನನ್ನನ್ನು ತಮ್ಮ ಶೆಡ್ಡಿನೊಳಗೆ ಕರೆದುಕೊಂಡು ಹೋಗಿ, ತಲೆ ತಗ್ಗಿಸಿ ಹೇಳಿದರು.

"ಹಾಳೆ ನನ್ನಿಂದ ಪಕ್ಕದ ಶೆಡ್ಡಿಗೆ ಓಯ್ತದೆ ಅಂದ್ರಿ. ಆಮ್ಯಾಕೆ ಸೆಲ್ವಂ ಕೈಗೆ ಓಯ್ತದೆ. ಪಂಪಿನ ಶಾಫ್ಟು ಅಂತ ಎಂಗ್ ಬರೀಲಿ ಮೇಡಂ? ಒಂದ್ ಗಳಿಗೆ ಪೆನ್ನು ಇಡ್ಕಂಡು ಕೂತಿದ್ದೆ. ಆಚೆ ಮನೆಯೊಂದ್ರ ಗೇಟ್ ಕಾಣ್ತು. ಅದನ್ನೇ ಬರ್ದೆ."

"ಇವರು ಗೇಟು ಅಂತ ಬರ್ದಿದ್ದು ನೋಡಿ ಎಲ್ರೂ ಗೇಟೇ ಬರ್ದವ್ರೆ" ಎಂದರು ಜಯಮ್ಮ, ಗಂಡನನ್ನು ದುರುಗುಟ್ಟಿಕೊಂಡು. "ನಿಮ್ಗಾದ್ರೂ ಗೊತ್ತಾಗ್ಬಾರ್ದಾ ಮೇಡಂ? ಓದ್ಬುಟ್ಟು ಕಳ್ಸೋದಲ್ವಾ?"

ಓದದೆ ಕಳಿಸಿದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಆ ಮಾತು ಏಳು ವರ್ಷ ಅಲ್ಲೇ ಸಿಕ್ಕಿಕೊಂಡಿತ್ತು.

ಸಾಹೇಬರು ಒರಟು ಮಾತಿನವರು, ಕೆಟ್ಟವರಲ್ಲ. ಮತ್ತೊಂದು ಸಲ ಅರ್ಜಿ ಹಾಕಲು ಒಪ್ಪಿದರು. ಆದರೆ ಒಂದು ಷರತ್ತು. ತಮ್ಮ ಕೈಯಾರೆ ಗೇಟು ಎಂದು ಸಹಿ ಹಾಕಿಕೊಟ್ಟವರು ಈಗ ಬೇರೆ ಹೇಳಿದರೆ ಸಮಿತಿ ನಂಬುವುದಿಲ್ಲ. ಹಾಗಾಗಿ ಇಪ್ಪತ್ತು ಜನವೂ ಒಂದೇ ಕಡೆ ಕೂತು, ಒಬ್ಬೊಬ್ಬರೂ ತಮ್ಮ ಮಾಲು ಏನೆಂದು ಎಲ್ಲರ ಎದುರಿಗೆ ಹೇಳಿ, ಅದನ್ನು ಬರೆದು ಸಹಿ ಹಾಕಬೇಕು. "ನಾಳೆ ಒಂದೇ ಮಿಷಿನ್ನಿನ ಮೇಲೆ ಇಪ್ಪತ್ತು ಜನರ ಮಾಲು ಇಡೋರು ಇವತ್ತು ಬಾಯಲ್ಲಿ ಹೇಳೋಕಾಗಲ್ಲ ಅಂದ್ರೆ ಅಂಥವರಿಗೆ ಕೋಣೆ ಕಟ್ಟಿಸಿ ಏನು ಪ್ರಯೋಜನ?" ಎಂದರು. ಆ ಮಾತು ನ್ಯಾಯವಾದದ್ದೇ.

ಎರಡು ಸಲ ಸಭೆ ಕರೆದೆ. ಮೊದಲ ಸಲ ಏಳು ಜನ ಬಂದರು, ಎರಡನೇ ಸಲ ನಾಲ್ಕು. ಬಂದವರೂ ಮಳೆ, ಕರೆಂಟು, ರಸ್ತೆ ಗುಂಡಿ ಎಂದು ಮಾತಾಡಿ ಎದ್ದು ಹೋದರು. ಕೆಂಪರಾಜು ಎರಡು ಸಲವೂ ಬಂದು, ಎರಡು ಸಲವೂ ಬಾಯಿ ತೆರೆಯದೆ ಕೂತಿದ್ದರು. ಮಾರ್ಚ್ ಹತ್ತಿರ ಬರುತ್ತಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಕೆಲಸಗಾರರೆಲ್ಲ ಊರಿಗೆ ಹೋಗುತ್ತಾರೆಂದು ಪೀಣ್ಯದಲ್ಲಿ ಹಿಂದಿನ ದಿನವೇ ಪೂಜೆ ಮುಗಿಸುವುದು. ಆ ದಿನ ಮಧ್ಯಾಹ್ನ ಓಣಿ ನನಗೆ ಗುರುತೇ ಸಿಗಲಿಲ್ಲ. ಎಲ್ಲ ಶಟರೂ ಪೂರ್ತಿ ಮೇಲಕ್ಕೆ. ಬಾಗಿಲಿಗೆ ಬಾಳೆಕಂದು, ಮಾವಿನಸೊಪ್ಪು. ಮಿಷಿನ್ನುಗಳಿಗೆ ಸೀಮೆಎಣ್ಣೆಯಲ್ಲಿ ಸ್ನಾನ ಮಾಡಿಸಿ, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿದ್ದರು. ವರ್ಷಕ್ಕೊಂದೇ ದಿನ ಒಬ್ಬರ ಶೆಡ್ಡಿಗೆ ಇನ್ನೊಬ್ಬರು ಎಗ್ಗಿಲ್ಲದೆ ಹೋಗಿಬರುವುದು. ನಾನು ಸಾಹೇಬರನ್ನು ಕಾಡಿಬೇಡಿ ಜೀಪಿನಲ್ಲಿ ಕರೆತಂದಿದ್ದೆ. ದೊಡ್ಡ ಉಪಾಯವೇನೂ ಇರಲಿಲ್ಲ ನನ್ನಲ್ಲಿ. ಕೈಗೆ ನಾಲ್ಕು ಪೊಟ್ಟಣ ಮಂಡಕ್ಕಿ ಬಿದ್ದರೆ ಸಾಹೇಬರ ಮನಸ್ಸು ಕರಗೀತು ಎಂಬ ಆಸೆ, ಅಷ್ಟೆ. ಇಲ್ಲಿಯವರು ಅದನ್ನು ಕಡಲೆಪುರಿ ಅನ್ನುತ್ತಾರೆ. ಏನೇ ಅನ್ನಲಿ, ನಮ್ಮೂರ ಮಂಡಕ್ಕಿಯ ಮುಂದೆ ಅದು ಏನೂ ಅಲ್ಲ.

ಕೆಂಪರಾಜು ಶೆಡ್ಡಿನಲ್ಲಿ ಬಾಳೆಲೆಯ ಮೇಲೆ ಸ್ಪ್ಯಾನರ್, ಸುತ್ತಿಗೆ, ಅರ, ಅಳತೆಯ ವರ್ನಿಯರ್ ಸಾಲಾಗಿ ಇಟ್ಟು ಕುಂಕುಮ ಹಚ್ಚಿದ್ದರು. ಮಾಲು ಮಾತ್ರ ಎಂದಿನಂತೆ ಮೂಲೆಯಲ್ಲಿ, ಗೋಣಿಚೀಲದಡಿಗೆ. ಆ ಚೀಲಕ್ಕೂ ಒಂದು ಬೊಟ್ಟು ಇಟ್ಟಿದ್ದರು! ಬಾಗಿಲಲ್ಲಿ ಸೆಲ್ವಂ ತಟ್ಟೆಯಲ್ಲಿ ಸಿಹಿ ಹಿಡಿದು ನಿಂತಿದ್ದರು. ಮಂಗಳಾರತಿ ಎತ್ತಬೇಕು, ಜಯಮ್ಮ ತಟ್ಟೆ ಕೆಳಗಿಟ್ಟುಬಿಟ್ಟರು.

"ಯಾಕೆ?" ಎಂದರು ಕೆಂಪರಾಜು.

"ಸ್ಪ್ಯಾನರ್‌ಗೆ ಕುಂಕುಮ, ಸುತ್ಗೆಗೆ ಕುಂಕುಮ. ಅನ್ನೊಂದು ವರ್ಸದಿಂದ ನಮ್ಗೆ ಅನ್ನ ಆಕಿದ್ದು ಯಾವ್ದು? ಅದನ್ನ ಚೀಲದಡಿ ಮುಚ್ಚಿಕ್ಕಿ ದೇವ್ರಿಗೆ ಆರತಿ ಎತ್ತು ಅಂದ್ರೆ ನಾನು ಎತ್ತಾಕಿಲ್ಲ. ಮಾರ್ಚ್ ಬಂದ್ರೆ ಎಂಗಿದ್ರೂ ಒಂಟೋಯ್ತದೆ. ಈ ವರ್ಸಾನಾದ್ರೂ ಪೂಜೆ ಮಾಡಾನ."

ಕೆಂಪರಾಜು "ಜಯಾ, ಬ್ಯಾಡ" ಅನ್ನುವಷ್ಟರಲ್ಲಿ ಆಕೆ ಹೋಗಿ ಚೀಲ ಎಳೆದೆಸೆದು, ಒಂದು ಶಾಫ್ಟ್ ಎತ್ತಿಕೊಂಡು ಬಂದು, ಸೆರಗಲ್ಲಿ ಒರೆಸಿ, ಕುಂಕುಮ ಇಟ್ಟು, ಎಲೆಯ ನಡುವೆ ಮಲಗಿಸಿದರು. ಎಲ್ಲರೂ ನೋಡುವ ಹಾಗೆ ಮಲಗಿಸಿದರು.

ಸೆಲ್ವಂ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಬಗ್ಗಿ, ಶಾಫ್ಟ್ ಎತ್ತಿಕೊಂಡರು. ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಮೆಲ್ಲಗೆ ಎಳೆದರು, ಕೆಂಪರಾಜು ಎಳೆಯುತ್ತಿದ್ದ ಹಾಗೆಯೇ. ಅದನ್ನು ಕೆಳಗಿಟ್ಟು ಹೊರಟುಹೋದರು. ಕೆಂಪರಾಜು "ಮುಗೀತು" ಎಂದು ಲೇತಿಗೆ ಒರಗಿ ಕೂತುಬಿಟ್ಟರು.

ಎರಡು ನಿಮಿಷ ಆಗಿರಬೇಕು. ಸೆಲ್ವಂ ವಾಪಸ್ ಬಂದರು, ಕೈಯಲ್ಲಿ ಪೇಪರ್ ಸುತ್ತಿದ ಉದ್ದನೆಯದೊಂದು. ಬಿಚ್ಚಿ ಎಲೆಯ ಮೇಲೆ ಪಕ್ಕಕ್ಕಿಟ್ಟರು. ಅದೇ ಶಾಫ್ಟ್. ಅದೇ ಉದ್ದ, ಅದೇ ದಪ್ಪ, ಅದೇ ಹೊಳಪು.

"ನಿಂಗೆ ಅವ್ರು ಏನ್ ಹೇಳ್ತಿದ್ರು ಗುರು?" ಎಂದು ಕೇಳಿದರು ಸೆಲ್ವಂ.

ಕೆಂಪರಾಜು ಎರಡನ್ನೂ ನೋಡುತ್ತ, "ಇನ್ನೊಬ್ಬ ಅವ್ನೆ, ನಿನ್ಗಿಂತ ಕಮ್ಮಿಗೆ ಕೊಡ್ತಾನೆ ಅಂತಿದ್ರು" ಎಂದರು.

"ನಂಗೂ ಅದೇ ಹೇಳ್ತಿದ್ರು ಮಚ್ಚಾ. ಆ ಇನ್ನೊಬ್ಬ ಯಾರೋ ಅಂತ ಹನ್ನೊಂದು ವರ್ಷದಿಂದ ಬಯ್ಕೊಂಡ್ ಬರ್ತಿದೀನಿ. ನೀನೇನಾ ಅದು!"

ನಡುವೆ ಇದ್ದದ್ದು ಹದಿನೈದು ಅಡಿ ರಸ್ತೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವರು ಸೆಲ್ವಂ. ಕೆಂಪರಾಜು ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಜಯಮ್ಮ, "ಎಂಥಾ ಗಂಡಸ್ರು ಕಣ್ರಪ್ಪ ನೀವು, ಥೂ ನಿಮ್ಮ" ಎಂದು ಬೈಯುತ್ತಲೇ ಎರಡನೇ ಶಾಫ್ಟಿಗೂ ಕುಂಕುಮ ಇಟ್ಟು ಆರತಿ ಎತ್ತಿದರು. ಮಂಗಳಾರತಿಯ ಗಂಟೆ ನಿಲ್ಲುವಷ್ಟರಲ್ಲಿ ಸುದ್ದಿ ಓಣಿಯೆಲ್ಲ ಹಬ್ಬಿತ್ತು. ಒಬ್ಬರು ಹಲ್ಲುಚಕ್ರ ತಂದರು, ಇನ್ನೊಬ್ಬರು ಹಿತ್ತಾಳೆಯ ಪುಟ್ಟ ಉಂಗುರ, ಮತ್ತೊಬ್ಬರು ಆಸ್ಪತ್ರೆಯ ಮಂಚಕ್ಕೆ ಹಾಕುವ ತಿರುಪು. ಒಂದೇ ಬಾಳೆಲೆ ಸಾಲದೆ ಇನ್ನೆರಡು ಹಾಸಬೇಕಾಯಿತು. ನಮ್ಮ ಸಾಹೇಬರು ಕೈತುಂಬ ಪುರಿ ಹಿಡಿದುಕೊಂಡು ಒಂದೊಂದನ್ನೇ ಬಗ್ಗಿ ನೋಡಿ, "ಗೇಟು ಎಲ್ಲೂ ಕಾಣ್ತಿಲ್ವಲ್ಲಮ್ಮ" ಎಂದರು.

ದಸರೆ ಕಳೆದ ವಾರವೇ ಇಪ್ಪತ್ತು ಜನ ಟೀ ಅಂಗಡಿಯ ಮುಂದೆ ಕೂತು ಹೇಳಿ, ಬರೆದು, ಸಹಿ ಹಾಕಿದರು. ಈ ಸಲ ಪ್ರತಿ ಸಾಲನ್ನೂ ಎರಡೆರಡು ಬಾರಿ ಓದಿದೆ. ಅರ್ಜಿ ಹೋಯಿತು. ನವೆಂಬರ್ ಹೋಯಿತು, ಸಂಕ್ರಾಂತಿ ಹೋಯಿತು. ನಾನು ವಾರಕ್ಕೆರಡು ಸಲ ಮೇಲಿನ ಕಚೇರಿಗೆ ಹೋಗಿ ನಿಂತೆ. ಜಗಳವಾಡಿದೆ, ಕೈ ಮುಗಿದೆ. ಕಡತ ತನ್ನ ಪಾಡಿಗೆ ತಾನು ಒಂದೊಂದೇ ಮೇಜು ದಾಟುತ್ತಿತ್ತು. ಕೆಂಪರಾಜು, ಸೆಲ್ವಂ ಇಬ್ಬರೂ ಒಟ್ಟಿಗೇ ಕಂಪನಿಗೆ ಹೋಗಿ ಇನ್ನಾರು ತಿಂಗಳು ಕೊಡಿ ಎಂದು ಕೇಳಿಕೊಂಡರು. ಮಾರ್ಚ್ ಅಂದರೆ ಮಾರ್ಚ್ ಎಂದರಂತೆ.

ಮಂಜೂರಾತಿ ಆದೇಶ ಬಂದದ್ದು ಏಪ್ರಿಲ್ ಎರಡನೇ ವಾರ. ಬಿಸಿಲಲ್ಲಿ ಓಡಿಕೊಂಡು ಓಣಿಗೆ ಹೋಗಿ ಕಾಗದ ಎತ್ತಿ ಹಿಡಿದೆ. ಪಟಾಕಿ ಹಚ್ಚಿದರು. ಕೆಂಪರಾಜು ತಾವೇ ಹೋಗಿ ಮೈಸೂರುಪಾಕು ತಂದು ಎಲ್ಲರಿಗೂ ಹಂಚಿದರು, ನನ್ನ ಬಾಯಿಗೂ ಒಂದು ತುಂಡು ಇಟ್ಟರು. ಆಮೇಲೆ ಜಯಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಕಂಪನಿಯ ಕೆಲಸ ಮಾರ್ಚ್‌ನಲ್ಲೇ ನಿಂತುಹೋಗಿತ್ತು. ಸೆಲ್ವಂಗೆ ಬೇರೆ ಎರಡು ಕಡೆಯ ಕೆಲಸವಿತ್ತು, ತಡೆದುಕೊಂಡರು. ಇವರಿಗೆ ಇದ್ದದ್ದು ಅದೊಂದೇ. ಬೆಳಿಗ್ಗೆ ತಾನೆ ಎರಡು ಲೇತ್ ಮಾರುವ ಮಾತಾಗಿತ್ತು. "ಈಗ ಏಳ್ಬ್ಯಾಡ, ಎಲ್ರೂ ಸಂತೋಸವಾಗವ್ರೆ ಅಂದ್ರು ಇವ್ರು ಮೇಡಂ" ಎಂದರು.

ಜುಲೈನಲ್ಲಿ ಆ ಹಾಳೆ ಓದಿದ್ದರೆ ಎರಡೂವರೆ ತಿಂಗಳು ಉಳಿಯುತ್ತಿತ್ತು. ಫೆಬ್ರವರಿಯಲ್ಲೇ ಆದೇಶ ಕೈಯಲ್ಲಿದ್ದರೆ ಅದನ್ನಾದರೂ ತೋರಿಸಿ ಕಂಪನಿಯವರನ್ನು ತಡೆದು ನಿಲ್ಲಿಸಬಹುದಿತ್ತೋ ಏನೋ. ಜೂನ್‌ನಲ್ಲಿ ನನಗೆ ವರ್ಗವಾಯಿತು. ಹೇಳಿಹೋಗಲು ಬಂದಾಗ ಶೆಡ್ಡಿನಲ್ಲಿ ಒಂದೇ ಲೇತ್ ಉಳಿದಿತ್ತು. ನಾನು ತಪ್ಪೊಪ್ಪಿಕೊಳ್ಳಲಿಲ್ಲ. "ಬರ್ತೀನ್ರೀ" ಎಂದೆ. "ಒಳ್ಳೇದಾಗ್ಲಿ ಮೇಡಂ" ಎಂದರು ಕೆಂಪರಾಜು.

ಕೆಂಪು ದೀಪ ಆರಿತು. ಎದ್ದು, ಚಪ್ಪಲಿ ಬಿಟ್ಟು ಬಾಗಿಲು ತೆರೆದೆ. ಒಳಗೆ ಫ್ರಿಜ್ಜಿನಂಥ ತಂಪು. ದೊಡ್ಡ ಕಪ್ಪು ಕಲ್ಲಿನ ಮೇಜು, ಅದರ ಮೇಲೆ ಕೈ ಚಾಚಿಕೊಂಡು ನಿಂತ ಮಿಷಿನ್. ಪಕ್ಕದಲ್ಲಿ ಬಿಳಿ ಕೋಟು ಹಾಕಿಕೊಂಡು ನಿಂತಿದ್ದವರು ಕೆಂಪರಾಜು. ಕೂದಲು ಪೂರ್ತಿ ನೆರೆತಿತ್ತು. ನನ್ನನ್ನು ನೋಡಿದವರೇ ಮೇಜಿನ ಮೇಲಿದ್ದುದರ ಮೇಲೆ ಪಟ್ಟನೆ ಒಂದು ಬಿಳಿ ಬಟ್ಟೆ ಎಳೆದರು. ಆಮೇಲೆ ಗುರುತು ಸಿಕ್ಕಿತು.

"ಮೇಡಂ! ಬನ್ನಿ ಬನ್ನಿ. ಬೇಜಾರ್ ಮಾಡ್ಕಬ್ಯಾಡಿ, ಯಾರ್ ಬಂದ್ರೂ ಮುಚ್ಲೇಬೇಕು."

"ನೀವು ಇಲ್ಲಿ..."

"ಯಾರ್ನ ಕೂರ್ಸಾದು ಅಂತ ಇಪ್ಪತ್ತು ಜನಾನೂ ಮೂರ್ ದಿನ ಕಿತ್ತಾಡುದ್ರು ಮೇಡಂ. ಇಲ್ಲಿ ಕೂತೋನಿಗೆ ಎಲ್ರ ಡ್ರಾಯಿಂಗೂ ಕಾಣ್ತದಲ್ಲ, ಯಾರ್ನ ಅಂದ್ರೂ ಇನ್ನೊಬ್ರಿಗೆ ಅನ್ಮಾನ. ಸಂಗದಲ್ಲಿ ಎಸ್ರಿದ್ದು ಶೆಡ್ಡು ಇಲ್ದೋನು ನಾನೊಬ್ನೇ. ಇವನೇ ಸರಿ ಅಂದ್ಬುಟ್ಟು ಕೂರ್ಸುದ್ರು."

ನಗುತ್ತಲೇ ಹೇಳಿದರು. ಜಯಮ್ಮ ಈಗ ಸೆಲ್ವಂ ಶೆಡ್ಡಿನಲ್ಲಿ ಎಲ್ಲರ ಮೇಲೂ ಜೋರು ಮಾಡಿಕೊಂಡಿದ್ದಾರಂತೆ. ಪಂಪಿನ ಕಂಪನಿಯವರು ಎರಡು ವರ್ಷದ ಹಿಂದೆ ವಾಪಸ್ ಬಂದರಂತೆ. ಅದೇ ಶಾಫ್ಟನ್ನು ಈಗ ಸೆಲ್ವಂ ಮಾಡುತ್ತಾರೆ, ಕೆಂಪರಾಜು ಅಳೆದು ವರದಿಗೆ ಸಹಿ ಹಾಕುತ್ತಾರೆ. ಅವರು ಇದನ್ನೆಲ್ಲ ಹೇಳುತ್ತಿದ್ದ ಹಾಗೆ ನನಗೆ ತಡೆಯಲಾಗಲಿಲ್ಲ.

"ಕೆಂಪರಾಜು, ಅವತ್ತು ಆ ಹಾಳೆ ನಾನು ಓದಲೇ ಇಲ್ಲ ಕಣ್ರೀ. ಸಹಿ ಎಣಿಸಿ ಕಳಿಸಿಬಿಟ್ಟೆ. ಓದಿದ್ದಿದ್ದರೆ ನಿಮ್ಮ ಶೆಡ್ಡು ಉಳೀತಿತ್ತು. ಏಳು ವರ್ಷ ಆಯ್ತು, ಇದನ್ನ ನಿಮಗೆ ಹೇಳೋಕಾಗಿರಲಿಲ್ಲ. ತಪ್ಪಾಯ್ತು."

ಅವರು ಮೇಜಿನ ಮೇಲಿನ ಬಟ್ಟೆಯ ಅಂಚನ್ನು ನೇರ ಮಾಡಿದರು.

"ನೀವು ಓದ್ಲಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು ಮೇಡಂ. ಓದಿದ್ರೆ ಅವತ್ತೇ ಕಿರುಚ್ಕಂಡು ಬತ್ತಿದ್ರಿ. ಆದ್ರೆ ಬರ್ದೋನು ನಾನೇ ಅಲ್ವಾ?" ಆಮೇಲೆ ನನ್ನತ್ತ ತಿರುಗಿ, "ಬತ್ತಾ ಗೇಟ್ ನೋಡುದ್ರಾ?" ಎಂದರು.

"ಯಾವ ಗೇಟು?"

"ಆಚೆ ಇರಾದು. ಕೊನೇ ಲೇತ್ ಕೊಡೋಕೆ ಮುಂಚೆ ಮಾಡಿದ್ದು. ಅದರ ತಿರುಗಣೆ ಪಿನ್ನು ಪಂಪಿನ ಶಾಫ್ಟಿನ ಅಳತೇಲೇ ಕಡ್ದಿದೀನಿ, ಅದುಕ್ಕೇ ಸದ್ದು ಮಾಡಲ್ಲ. ಗೇಟ್ ಮಾಡ್ತೀನಿ ಅಂತ ಸರ್ಕಾರಕ್ಕೆ ಸಯಿ ಆಕ್ಕೊಟ್ಟಿದ್ನಲ್ಲ ಮೇಡಂ. ಅಂಗ್ಡಿ ಮುಚ್ಚೋದ್ರೊಳ್ಗೆ ಒಂದಾದ್ರೂ ಮಾಡಾನ ಅಂತ ಮಾಡ್ದೆ."

ಹೊರಗೆ ಬರುವಾಗ ಆ ಗೇಟನ್ನು ತೆರೆದೆ, ಹಾಕಿದೆ, ಮತ್ತೆ ತೆರೆದೆ. ಕೊನೆಗೆ ಅದನ್ನು ಹಿಡಿದುಕೊಂಡೇ ನಿಂತು ಅತ್ತೆ. ಓಣಿಯಲ್ಲಿ ಎರಡೂ ಬದಿಯ ಶೆಡ್ಡುಗಳ ಸದ್ದು, ಯಾರಿಗೂ ಕೇಳಿಸಲಿಲ್ಲ.